ಪಕ್ಕದ ಮನೆಯ ನಳ

ರಂಗಂಪೇಟೆಯ ನಮ್ಮ ಪಕ್ಕದ ಮನೆಯಾಕೆ ನೀರು ಬಿಟ್ಟ ದಿನ ನಳದ ಬಾಯಿಗೆ ಅಂಗೈ ಒಡ್ಡಿ ಕೂಡುತ್ತಿದ್ದಳು. “ನಮ್ಮ ನಳಕ್ಕ ದಮ್ಮಿಲ್ಲ ಅಣ್ಣಾರ,” ಅನ್ನುತ್ತಿದ್ದಳು. ಪೈಪು ಬದಲಿಸಿದಳು, ಹೊಸ ನಳ ಹಾಕಿಸಿದಳು. ನೀರು ಮಾತ್ರ ದಾರದಷ್ಟೇ. ನಮ್ಮ ಪೈಪಿಗೆ ನಾನು ಗುಟ್ಟಾಗಿ ಹಾಕಿಸಿದ್ದ ಮೋಟಾರು ಆಕೆಯ ಪಾಲನ್ನೂ ಎಳೆಯುತ್ತಿತ್ತು.

ಒಂದು ದಿನ ನೀರು ಬರುತ್ತಿದ್ದಾಗಲೇ ಕರೆಂಟು ಹೋಗಿ ಮೋಟಾರು ನಿಂತಿತು. ಆಕೆ ಒದ್ದೆ ಸೆರಗಿನಲ್ಲೇ ನಮ್ಮ ಬಾಗಿಲಿಗೆ ಬಂದಳು.

“ಅಣ್ಣಾರ, ನಮ್ಮನ್ಯಾಗ ನೀರ ಜೋರ್ ಬರ್ಲಿಕತ್ತಾವ. ನಿಮ್ಮಲ್ಲಿ ಮಂದಿ ಭಾಳ ಅದಾರ, ಲಗೂನ ಕೊಡ ತರ್ರಿ. ನಮ್ದು ಆಮ್ಯಾಲ ತುಂಬ್ಕೊಂತೀನಿ.”

ನಮ್ಮ ಟಾಕಿ ಆಗಲೇ ತುಂಬಿತ್ತು. ಬೇಡವೆಂದರೆ ಯಾಕೆಂದು ಕೇಳಿಯಾಳೆಂದು ಹೆದರಿ ಎರಡು ಕೊಡ ಹಿಡಿದು ಹೋದೆ. ಎರಡನೆಯದು ತುಂಬುವಷ್ಟರಲ್ಲಿ ಕರೆಂಟು ಬಂತು, ಆರಿಸದೆ ಬಿಟ್ಟಿದ್ದ ನಮ್ಮ ಮೋಟಾರು ಮತ್ತೆ ನೀರು ಎಳೆಯತೊಡಗಿತು. ಆಕೆಯ ಕೊಡ ಖಾಲಿಯೇ ಉಳಿಯಿತು.