ಸಲೋಮಿ ಟೀಚರ್‌ಗೆ ಓದಿ ಹೇಳಿದ ಭಾನುವಾರಗಳು

ಕೊರೊನಾ ಕಳೆದು ಶಾಲೆಗಳೆಲ್ಲ ಮತ್ತೆ ಬಾಗಿಲು ತೆರೆದ ವರ್ಷ ಅದು. ಬೇಸಿಗೆ ಇನ್ನೂ ಪೂರ್ತಿ ಏರಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನ್ಯಾಮತಿಯ ನನ್ನ ಹಿಟ್ಟಿನ ಗಿರಣಿಗೆ ಸಲೋಮಿ ಟೀಚರ್ ಜೋಳದ ಡಬ್ಬಿ ಹಿಡಿದುಕೊಂಡು ಬಂದರು. ನಾಲ್ಕನೇ ತರಗತಿಯಲ್ಲಿ ನನಗೆ ಪಾಠ ಹೇಳಿದವರು ಅವರು. ಆಗ ಅವರಿಗೆ ಎಂಬತ್ತೆರಡು ವರ್ಷ, ನನಗೆ ನಲವತ್ತೊಂಬತ್ತು.

ಮುಂದಿನದನ್ನು ಹೇಳುವ ಮೊದಲು ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ನನಗೆ ಮಾತು ಉಗ್ಗುತ್ತದೆ. ಎಲ್ಲ ಅಕ್ಷರವೂ ಕಷ್ಟವೇ, ಆದರೆ 'ಬ' ಬಂದರೆ ಬಾಯಿ ಬೀಗ ಹಾಕಿದಂತಾಗುತ್ತದೆ. ನನ್ನ ಹೆಸರು ಬಸವರಾಜ. ಯಾರಾದರೂ ನನ್ನ ಹೆಸರು ಕೇಳಿದರೆ ಪಕ್ಕದಲ್ಲಿದ್ದವರು ಹೇಳಿಬಿಡುತ್ತಾರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ನನ್ನ ಮಾತನ್ನು ಬೇರೆಯವರು ಮುಗಿಸಿಕೊಟ್ಟೇ ನನಗೆ ಅಭ್ಯಾಸ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ನಾನು ಗಿರಣಿ ಹಾಕಿದ್ದೂ ಇದೇ ಕಾರಣಕ್ಕೆ ಇರಬೇಕು. ಮೋಟಾರು ತಿರುಗುವಾಗ ಯಾರೂ ಯಾರೊಂದಿಗೂ ಮಾತಾಡುವಂತಿಲ್ಲ. ಕೈಸನ್ನೆಯಲ್ಲೇ ವ್ಯಾಪಾರ ನಡೆಯುತ್ತದೆ.

ನಾಲ್ಕನೇ ತರಗತಿಯ ಮೊದಲ ದಿನ ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು ಕೇಳಿದರು. ನನ್ನ ಸರದಿ ಬಂತು. ನಾನು ಬಾಯಿ ಬಿಗಿದು ಒದ್ದಾಡುತ್ತಿದ್ದಾಗ ಇಡೀ ತರಗತಿ ನಗುತ್ತಾ ನನ್ನ ಹೆಸರು ಕೂಗಿತು. ಟೀಚರ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, "ಅವನ ಹೆಸರು ಅವನೇ ಹೇಳಲಿ. ನಮಗೇನು ಬಸ್ ತಪ್ಪೋದಿಲ್ಲ" ಎಂದರು. ಆಮೇಲೆ ಕುರ್ಚಿಯಲ್ಲಿ ಕೂತು ಕಾದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಕೊನೆಗೆ ಹೆಸರು ಬಂತು. ಅವರು ಹಾಜರಿ ಪುಸ್ತಕದಲ್ಲಿ ಬರೆದುಕೊಂಡು ಮುಂದಿನವನನ್ನು ಎಬ್ಬಿಸಿದರು. ಶಹಬ್ಬಾಸ್ ಎನ್ನಲಿಲ್ಲ, ಏನೂ ಇಲ್ಲ. ಮರುವರ್ಷದಿಂದ ಬೇರೆ ಮೇಷ್ಟ್ರುಗಳು ಬಂದರು. ನನ್ನ ಸರದಿ ಬಂದಾಗ ಅವರೆಲ್ಲ ಮುಂದಿನವನಿಗೆ ಓದಲು ಹೇಳುತ್ತಿದ್ದರು. ಹಾಗೆಯೇ ನಾನು ಶಾಲೆ ಮುಗಿಸಿದೆ.

ಟೀಚರ್ ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೂ ನ್ಯಾಮತಿ ಬಿಟ್ಟು ಹೋಗದೆ, ಊರಂಚಿನ ಸಣ್ಣ ಚರ್ಚಿನ ಹಿಂದೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಆ ಚರ್ಚಿಗೆ ಮೊದಲು ಐದಾರು ಕುಟುಂಬಗಳು ಬರುತ್ತಿದ್ದವು. ಹಿರಿಯರು ತೀರಿಕೊಂಡರು, ಉಳಿದವರು ದಾವಣಗೆರೆ, ಶಿವಮೊಗ್ಗ ಸೇರಿದರು. ಸಭಾಪಾಲಕರು, ಅಂದರೆ ಪಾದ್ರಿಗಳು, ನಾಲ್ಕು ಊರು ನೋಡಿಕೊಳ್ಳಬೇಕಿದ್ದರಿಂದ ತಿಂಗಳಿಗೆ ಒಂದು ಭಾನುವಾರ ಬರುತ್ತಿದ್ದರು. ಮಿಕ್ಕ ಭಾನುವಾರಗಳಲ್ಲಿ ಟೀಚರೇ ಬಾಗಿಲು ತೆಗೆದು, ಟೀಚರೇ ಬಾಗಿಲು ಹಾಕುತ್ತಿದ್ದರು.

ಆ ಶನಿವಾರ ಅವರು ಹಿಟ್ಟು ಬೀಸಿ ಮುಗಿಯುವವರೆಗೂ ಕಾದರು. ಮೋಟಾರು ನಿಂತ ಮೇಲೆ ವಿಷಯ ಹೇಳಿದರು. ಒಂದು ಕಣ್ಣಿಗೆ ಪೊರೆ ಬಂದಿದೆ, ಇನ್ನೊಂದರ ಆಪರೇಷನ್ ಆದರೂ ಸರಿಹೋಗಿಲ್ಲ, ಅಕ್ಷರ ಕಾಣುತ್ತಿಲ್ಲ. ನಾಳೆ ಒಂಬತ್ತು ಗಂಟೆಗೆ ಚರ್ಚಿಗೆ ಬಂದು ಬೈಬಲ್ಲಿನ ಅಂದಿನ ಪಾಠ ಓದಿ ಹೇಳುತ್ತೀಯಾ ಎಂದು ಕೇಳಿದರು. ನಾನು ಆಗುವುದಿಲ್ಲ ಎಂದು ತಲೆಯಾಡಿಸಿದೆ. ಓದಲು ಹೈಸ್ಕೂಲು ಹುಡುಗಿಯರು ಬೇಕಾದಷ್ಟು ಜನ ಇದ್ದಾರಲ್ಲ ಎಂದು ಹೇಗೋ ಹೇಳಿ ಮುಗಿಸಿದೆ.

"ಇಬ್ಬರನ್ನ ಕರೆದಿದ್ದೆ. ಐದು ನಿಮಿಷದಲ್ಲಿ ಓದಿ ಓಡಿಹೋದರು" ಎಂದರು ಟೀಚರ್. "ನಿನಗೆ ಬೇಗ ಮುಗಿಸೋ ಆತುರ ಇರೋದಿಲ್ಲ. ಕೇಳೋಕೂ ಯಾರೂ ಇರೋದಿಲ್ಲ ಬಸವರಾಜ, ನಾನೊಬ್ಬಳೇ."

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಜನ ಏನಂದಾರು ಎಂಬ ಅಳುಕು ನನಗೂ ಇತ್ತು. ಅವಳು ರೊಟ್ಟಿ ತಟ್ಟುತ್ತಲೇ, "ಕಣ್ಣು ಕಾಣದೋರಿಗೆ ಓದಿ ಹೇಳಾಕೆ ಯಾವ ಜಾತಿ ಅಡ್ಡ ಬರತೈತೆ? ಹೋಗ್ ಬರ್ರಿ" ಎಂದಳು.

ಭಾನುವಾರ ಹೋದೆ. ಒಳಗೆ ಎಂಟು ಬೆಂಚುಗಳಿದ್ದವು. ಟೀಚರ್ ಒದ್ದೆ ಬಟ್ಟೆ ಹಿಡಿದು ಎಂಟನ್ನೂ ಒರೆಸುತ್ತಿದ್ದರು. ನಾನು ಕೈಜೋಡಿಸಲು ಹೋದರೆ ಬೇಡ ಎಂದರು. ಒರೆಸಿಯಾದ ಮೇಲೆ ಗಂಟೆ ಬಾರಿಸಿ ಬಾಗಿಲಲ್ಲಿ ನಿಂತು ರಸ್ತೆಯ ಕಡೆ ನೋಡಿದರು. ಅಕ್ಷರ ಕಾಣದ ಕಣ್ಣಿಗೆ ಆ ರಸ್ತೆಯಲ್ಲಿ ಏನು ಕಾಣುತ್ತಿತ್ತೋ. ಹತ್ತು ನಿಮಿಷ ಹಾಗೇ ನಿಂತಿದ್ದು, "ಯಾರಿಗಾದರೂ ತಡ ಆಗಿರಬಹುದು ಅಂತ" ಎಂದು ನನಗೆ ಸಮಜಾಯಿಷಿ ಕೊಡುವಂತೆ ಹೇಳಿ ಒಳಗೆ ಬಂದರು.

ಪ್ರಾರ್ಥನೆ ಶುರುವಾಯಿತು. ಅಲ್ಲಿಯ ಕ್ರಮ ನನಗೆ ಗೊತ್ತಿರಲಿಲ್ಲ. ಮುಂದೆ ನಿಂತವರು ಒಂದು ಸಾಲು ಹೇಳಬೇಕು, ಅದಕ್ಕೆ ಕೂತವರೆಲ್ಲ ಸೇರಿ ಉತ್ತರ ಕೊಡಬೇಕಂತೆ. ಟೀಚರ್ ಒಂದು ಸಾಲನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಆಮೇಲೆ ದನಿ ತಗ್ಗಿಸಿ ಉತ್ತರವನ್ನೂ ಅವರೇ ಹೇಳುತ್ತಿದ್ದರು. ಮತ್ತೆ ಗಟ್ಟಿ ದನಿ, ಮತ್ತೆ ತಗ್ಗಿದ ದನಿ. ಖಾಲಿ ಬೆಂಚುಗಳ ನಡುವೆ ಒಬ್ಬರೇ ಎರಡು ಕಡೆಯ ಮಾತನ್ನೂ ಆಡುತ್ತಿದ್ದರು. ಎಷ್ಟೋ ತಿಂಗಳಿಂದ ಅವರು ಇದನ್ನು ಹೀಗೆಯೇ ನಡೆಸಿಕೊಂಡು ಬಂದಿದ್ದರು.

ಆಮೇಲೆ ದಪ್ಪ ಕಪ್ಪು ರಟ್ಟಿನ ಧರ್ಮಪುಸ್ತಕ ನನ್ನ ಮುಂದೆ ಇಟ್ಟು, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿ, ಮೊದಲ ಬೆಂಚಿನಲ್ಲಿ ಹೋಗಿ ಕೂತರು. ಒಂದೇ ಪುಟ. ಎರಡನೇ ಸಾಲಿನಲ್ಲೇ 'ಬ' ಬಂತು. ಸಿಕ್ಕಿಕೊಂಡೆ. ತಲೆ ಎತ್ತಿ ನೋಡಿದರೆ ಟೀಚರ್ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟುಕೊಂಡು, ಆರಾಮಾಗಿ ಕೂತಿದ್ದರು. ಮುಖದಲ್ಲಿ ಅವಸರವೂ ಇಲ್ಲ, ಅಯ್ಯೋ ಎನ್ನುವ ಭಾವವೂ ಇಲ್ಲ. ಮಾತು ಬಿಡಿಸಿಕೊಂಡಿತು. ಮತ್ತೆ ಸಿಕ್ಕಿಕೊಂಡಿತು, ಮತ್ತೆ ಬಿಡಿಸಿಕೊಂಡಿತು. ಆ ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಶಾಲೆ ಬಿಟ್ಟ ಮೇಲೆ ನಾನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಮುಗಿದಾಗ ಅವರು ಕಣ್ಣು ತೆರೆದು, "ಆಯ್ತು, ಕೂತ್ಕೋ" ಎಂದರು, ತರಗತಿಯಲ್ಲಿ ಹೇಳಿದ ಹಾಗೆಯೇ.

ಅಂದು ಮನೆಗೆ ಕರೆದು ಚಹಾ ಕೊಟ್ಟರು. ನನಗೊಂದು ಅನುಮಾನ ಬಂದಿತ್ತು. ಆ ಪುಟ ನಿಮಗೆ ಬಾಯಿಪಾಠ ಇರಬೇಕಲ್ಲವೇ ಎಂದು ಕೇಳಿದೆ. ಅರವತ್ತು ವರ್ಷದಿಂದ ಬಾಯಿಪಾಠ ಎಂದರು. ಹಾಗಾದರೆ ಇದೆಲ್ಲ ನನ್ನ ಉಗ್ಗು ಬಿಡಿಸಲು ಹೂಡಿದ ಉಪಾಯ ಎಂದುಕೊಂಡೆ. ನನಗಾಗಿ ಇಷ್ಟೆಲ್ಲ ಕಷ್ಟ ಯಾಕೆ ಪಡುತ್ತೀರಿ ಎಂದೂ ಕೇಳಿದೆ.

ಟೀಚರ್, "ನಿನಗೋಸ್ಕರ ಅಲ್ಲಪ್ಪ. ನಾನೇ ಹೇಳಿಕೊಂಡರೆ ನನ್ನ ದನಿನೇ ನನಗೆ ಕೇಳಿಸ್ತದೆ. ವಾರಕ್ಕೆ ಒಂದು ಸಲ ಇನ್ನೊಬ್ಬರ ದನಿ ಕೇಳಬೇಕು ಅನಿಸ್ತದೆ" ಎಂದರು.

ನಾನು ಲೋಟ ಕೆಳಗಿಟ್ಟೆ. ಅಷ್ಟು ವರ್ಷ ಊರಿನ ಮಕ್ಕಳಿಗೆಲ್ಲ ಮಾತು ಕಲಿಸಿದವರ ಬಾಯಿಂದ ಈ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಹೀಗೆ ವಾರ ವಾರ ಹೋಗತೊಡಗಿದೆ. ಪ್ರಾರ್ಥನೆಯ ಉತ್ತರಗಳನ್ನೂ ನಿಧಾನಕ್ಕೆ ಕಲಿತೆ. ಇಬ್ಬರೂ ಒಟ್ಟಿಗೆ ಹೇಳುವಾಗ ನನ್ನ ನಾಲಿಗೆ ತಡೆಯುತ್ತಿರಲಿಲ್ಲ. ಚಹಾ ಕುಡಿಯುವಾಗ ಟೀಚರ್ ಹಳೆಯದನ್ನು ಹೇಳುತ್ತಿದ್ದರು. ತಂದೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರಂತೆ. ಟೀಚರ್ ಇಪ್ಪತ್ತನೇ ವಯಸ್ಸಿಗೆ ಜಗಳೂರಿನ ಆಚೆಯ ಒಂದು ಹಳ್ಳಿಗೆ ಕೆಲಸಕ್ಕೆ ಹೋದರಂತೆ. ಅಲ್ಲಿ ಶಾಲೆಯ ಕೋಣೆಯಲ್ಲಿ ಸಂಜೆಯಾದರೆ ಊರಿನವರು ಕುರಿ ಕೂಡಿಹಾಕುತ್ತಿದ್ದರಂತೆ. ದಿನಾ ಬೆಳಿಗ್ಗೆ ಹಿಕ್ಕೆ ಗುಡಿಸಿ, ನೀರು ಚಿಮುಕಿಸಿ, ಆಮೇಲೆ ಪಾಠ. ಹತ್ತಿರದಲ್ಲೆಲ್ಲೂ ಚರ್ಚಿರಲಿಲ್ಲ. ಭಾನುವಾರ ಅದೇ ಕೋಣೆಯಲ್ಲಿ ಕೂತು ಹಾಡಿಕೊಳ್ಳುತ್ತಿದ್ದರು. ಕುರಿ ಕಾಯುವ ಹೆಂಗಸರು ಕಿಟಕಿಯಾಚೆ ನಿಂತು ಕೇಳುತ್ತಿದ್ದರಂತೆ. ಅಲ್ಲಿ ಒಂಬತ್ತು ವರ್ಷ. ಆಮೇಲೆ ಚನ್ನಗಿರಿಯಲ್ಲಿ ಹನ್ನೊಂದು ವರ್ಷ. "ಚನ್ನಗಿರಿಯಲ್ಲಿ ಒಬ್ಬರು ಮದುವೆಗೆ ಕೇಳಿದ್ದರು. ಚರ್ಚು ಬಿಟ್ಟು ಬಾ ಅಂದರು" ಎಂದು ಒಮ್ಮೆ ಹೇಳಿ, ಚಹಾದ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಆ ವಿಷಯ ಮತ್ತೆ ಬರಲಿಲ್ಲ.

ನನ್ನ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಆ ವರ್ಷದ ಶ್ರಾವಣದಲ್ಲಿ ಹೋಟೆಲಿನಲ್ಲಿ ಕೂತಿದ್ದಾಗ ಪರಿಚಯದವನೊಬ್ಬ, ಚರ್ಚಿನಲ್ಲಿ ಭಾನುವಾರ ಗಿರಣಿ ಬೆಲ್ಟು ಸಿಕ್ಕಿಹಾಕಿಕೊಳ್ಳುತ್ತದಂತೆ ಎಂದು ಹೇಳಿ, ನಾನು ಓದುವುದನ್ನು ಅಣಕಿಸಿ ತೋರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೇ ವಾರ ಕಳೆದ ಮೇಲೆ ಟೀಚರ್ ಪಕ್ಕದ ಮನೆಯ ಹನುಮಕ್ಕ ರಾಗಿ ಬೀಸಿಸಲು ಬಂದವಳು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಟೀಚರು ಚರ್ಚಿನ ಬಾಗಿಲಾಗೆ ನಿಂತೇ ಇರ್ತಾರೆ. ಕಾಲು ಸೋತರೂ ಒಳಗೆ ಹೋಗಂಗಿಲ್ಲ. ನೀ ಬರಂಗಿಲ್ಲ ಅಂದ್ರೆ ಬರಂಗಿಲ್ಲ ಅಂತ ಒಂದು ಮಾತು ಹೇಳಾಕೆ ಏನಾಗೈತೆ ನಿಂಗೆ?"

ನಾಲ್ಕನೇ ಭಾನುವಾರ ತಲೆ ತಗ್ಗಿಸಿಕೊಂಡು ಹೋದೆ. ಟೀಚರ್ ಏನೂ ಕೇಳಲಿಲ್ಲ. ನಾನು ಹೋಗದ ಮೂರು ವಾರದ ಪಾಠಗಳನ್ನು ಓದಿಸಿಯೇ ಇರಲಿಲ್ಲ. ನಾವು ನಿಲ್ಲಿಸಿದ್ದ ಪುಟದಲ್ಲಿ ಕಾಗದದ ಚೂರು ಹಾಗೇ ಇತ್ತು. ಅಲ್ಲಿಂದಲೇ ಓದಿಸಿದರು.

ಮರುವರ್ಷ ಚಳಿಗಾಲದ ಒಂದು ಗುರುವಾರ, ಬೆಳಿಗ್ಗೆ ಹತ್ತಾದರೂ ಹಾಲಿನ ಪಾಕೀಟು ಬಾಗಿಲಲ್ಲೇ ಇದೆ ಎಂದು ಹನುಮಕ್ಕ ಹೇಳಿಕಳಿಸಿದಳು. ನಾನು ಓಡಿದೆ. ಟೀಚರ್ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮೈ ತಣ್ಣಗಾಗಿತ್ತು.

ಅವರ ಒಬ್ಬನೇ ತಮ್ಮ ಮೊದಲೇ ತೀರಿಕೊಂಡಿದ್ದ. ತಿಳಿಸಲು ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಭಾಪಾಲಕರು ಹೊನ್ನಾಳಿ ಕಡೆಯಿಂದ ಬೈಕಿನಲ್ಲಿ ಬಂದರು. ಆಗತಾನೇ ವರ್ಗವಾಗಿ ಬಂದ ಹೊಸಬರು, ಟೀಚರನ್ನು ಎರಡೇ ಸಲ ನೋಡಿದ್ದವರು. ಊರ ಹೊರಗೆ ಮಣ್ಣು ಮಾಡುವ ಜಾಗದಲ್ಲಿ ನಾವು ಹದಿನೈದು ಜನ ಇದ್ದೆವು. ಹೆಚ್ಚಿನವರು ಹಳೆಯ ವಿದ್ಯಾರ್ಥಿಗಳು. ಹೋಟೆಲಿನಲ್ಲಿ ನನ್ನನ್ನು ಅಣಕಿಸಿದ್ದವನೂ ಬಂದಿದ್ದ. ಅವನೂ ಟೀಚರ್ ಹತ್ತಿರ ಓದಿದವನೇ.

ಸಭಾಪಾಲಕರು, ಇವರ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಬೇಕು, ಮರಣ ದಾಖಲೆಯ ಫಾರಂ ಕೂಡ ತುಂಬಬೇಕು, ಇವರ ವಿವರ ಯಾರಿಗೆ ಗೊತ್ತಿದೆ ಎಂದು ಕೇಳಿದರು. ಅಲ್ಲಿದ್ದವರಿಗೆಲ್ಲ ಗೊತ್ತಿದ್ದದ್ದು ತಮ್ಮ ತರಗತಿಯ ಒಂದು ವರ್ಷ ಮಾತ್ರ. ಅದಕ್ಕೆ ಹಿಂದಿನದು, ಮುಂದಿನದು ಗೊತ್ತಿದ್ದವನು ನಾನೊಬ್ಬನೇ.

ಮುಂದೆ ಬಂದು ನಿಂತೆ. ಮೊದಲು ಎಲ್ಲಿ ಕೆಲಸ ಮಾಡಿದರು ಎಂದು ಕೇಳಿದರು. "ಜ... ಜ..." ಎಂದು ಸಿಕ್ಕಿಕೊಂಡೆ. ಅವರು ಪೆನ್ನು ಹಿಡಿದು, "ಜಮಖಂಡಿನಾ?" ಎಂದರು. ಅಲ್ಲ ಎಂದು ತಲೆಯಾಡಿಸಿದೆ. ಯಾರೋ ಹಿಂದಿನಿಂದ ಇನ್ನೊಂದು ಊರು ಹೇಳಿದರು. ಅದೂ ಅಲ್ಲ. ಆಗ ಹೋಟೆಲಿನಲ್ಲಿ ಅಣಕಿಸಿದ್ದವನೇ, "ಸುಮ್ನಿರ್ರಿ, ಅವನೇ ಹೇಳ್ತಾನೆ" ಎಂದ. ಸಭಾಪಾಲಕರು ಪೆನ್ನು ಕೆಳಗಿಳಿಸಿದರು.

ಬಿಸಿಲಿನಲ್ಲಿ ನಿಂತು ಹೇಳಿದೆ. ಜಗಳೂರಿನ ಕುರಿ ಕೋಣೆ, ಕಿಟಕಿಯಾಚೆಯ ಹೆಂಗಸರು, ಚನ್ನಗಿರಿಯ ಹನ್ನೊಂದು ವರ್ಷ, ನ್ಯಾಮತಿಯ ಹದಿನೆಂಟು ವರ್ಷ, ವಾರ ವಾರ ಒರೆಸುತ್ತಿದ್ದ ಎಂಟು ಬೆಂಚು. ಮದುವೆಗೆ ಕೇಳಿದವರ ವಿಷಯ ಮಾತ್ರ ಹೇಳಲಿಲ್ಲ. ಅದು ನನ್ನೊಬ್ಬನಿಗೇ ಹೇಳಿದ ಮಾತು ಅನಿಸಿತು. ಎಷ್ಟು ಹೊತ್ತು ಹಿಡಿಯಿತೋ, ಯಾರೂ ಕದಲಲಿಲ್ಲ.

ಆಮೇಲೆ ಫಾರಂ ತೆಗೆದರು. ತಂದೆಯ ಹೆಸರು ಹೇಳಿದೆ, ಬರೆದುಕೊಂಡರು. "ತಾಯಿಯ ಹೆಸರು?" ಎಂದು ಕೇಳಿದರು.

ನಾನು ಬಾಯಿ ತೆರೆದೆ. ನನಗೆ ಮಾತು ಸಿಕ್ಕಿಕೊಂಡಿದೆ ಎಂದುಕೊಂಡು ಎಲ್ಲರೂ ತಾಳ್ಮೆಯಿಂದ ಕಾದರು. ಸಭಾಪಾಲಕರೂ ತಲೆ ತಗ್ಗಿಸಿ ಕಾದರು. ಆದರೆ ಹೇಳಲು ನನ್ನ ಹತ್ತಿರ ಮಾತೇ ಇರಲಿಲ್ಲ. ಅಷ್ಟು ಭಾನುವಾರ ಅವರ ಮನೆಯಲ್ಲಿ ಚಹಾ ಕುಡಿದು, ಅವರ ತಾಯಿಯ ಬಗ್ಗೆ ನಾನು ಒಂದು ಸಲವೂ ಕೇಳಿರಲಿಲ್ಲ.

"ಗೊತ್ತಿಲ್ಲ" ಎಂದೆ. ಆ ಮಾತು ಒಂದಿಷ್ಟೂ ತಡೆಯದೆ ಬಂತು. ಸಭಾಪಾಲಕರು ಆ ಜಾಗದಲ್ಲಿ ಒಂದು ಅಡ್ಡ ಗೆರೆ ಎಳೆದರು.

ಟೀಚರ್ ನನ್ನ ಒಂದೊಂದು ಮಾತಿಗೂ ಕಾದಿದ್ದರು. ನಾನು ಹೇಗೆ ಓದಿದೆ ಎನ್ನುವುದರಲ್ಲೇ ಮುಳುಗಿ, ಕೇಳಬೇಕಾದ್ದನ್ನು ಕೇಳದೆ ಉಳಿದೆ. ಆ ಗೆರೆ ನೆನಪಾದಾಗಲೆಲ್ಲ ಕೈಯಲ್ಲಿನ ಕೆಲಸ ನಿಂತುಹೋಗುತ್ತದೆ. ಈಗ ಗಿರಣಿಗೆ ವಯಸ್ಸಾದವರು ಯಾರಾದರೂ ಒಬ್ಬರೇ ಬಂದರೆ ಮೋಟಾರು ನಿಲ್ಲಿಸಿ, ನಿಮ್ಮ ಊರು ಯಾವುದು, ತಾಯಿಯ ಹೆಸರೇನು ಎಂದು ಕೇಳುತ್ತೇನೆ. ಕೇಳಿ ಮುಗಿಸಲು ನನಗೆ ಹೊತ್ತು ಹಿಡಿಯುತ್ತದೆ. ಕೆಲವರು ಹಿಟ್ಟು ತೆಗೆದುಕೊಂಡು ಹೊರಟುಬಿಡುತ್ತಾರೆ. ಕೆಲವರು ಕಾಯುತ್ತಾರೆ.