ಐದು ಸಹಿಯ ಚೀಟಿ

ಒಂದು ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳು ತಯಾರಾಗುತ್ತಿದ್ದವು. ಅಲ್ಲಿನ ಸ್ಟೋರು ನೋಡಿಕೊಳ್ಳುತ್ತಿದ್ದವಳನ್ನು ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರೂ ಸ್ಟೋರಕ್ಕ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದಿಂದ ಅದೇ ಜಾಲರಿ ಕಿಟಕಿಯ ಹಿಂದೆ ಕೂತವಳು. ಕಣ್ಣು ಮುಚ್ಚಿ ಮುಟ್ಟಿದರೂ ಬೇರಿಂಗು ಯಾವ ನಂಬರಿನದು ಎಂದು ಹೇಳಿಬಿಡುತ್ತಿದ್ದಳು. ಬಾಯಿ ಸ್ವಲ್ಪ ಜೋರು, ನಗು ಅದಕ್ಕಿಂತ ಜೋರು.

ಒಂದು ಸೋಮವಾರ ಆ ನಗು ಅಡಗಿಹೋಯಿತು. ಹೆಬ್ಬೆರಳ ಉಗುರಿನಷ್ಟಿದ್ದ ರಬ್ಬರ್ ವಾಷರು ಮುಗಿದು, ಎಪ್ಪತ್ತು ಪಂಪು ಅರ್ಧಕ್ಕೇ ನಿಂತುಬಿಟ್ಟವು. ಕೆಲಸಗಾರರು ಕೈಕಟ್ಟಿ ಕೂತರು. ಮ್ಯಾನೇಜರು ಮೇಲಿನ ಮಹಡಿಯಿಂದ ದಡದಡ ಇಳಿದು ಬಂದು ಎಲ್ಲರೆದುರಿಗೇ ಕೇಳಿದರು:

“ಏನಮ್ಮಾ, ಸಾಮಾನು ಮುಗಿಯೋವರೆಗೂ ನಿದ್ದೆ ಮಾಡ್ತಿದ್ರಾ?”

“ಸಾರ್, ಚೀಟಿ ಬರೆದು ಇಪ್ಪತ್ನಾಲ್ಕು ದಿನ ಆಯ್ತು.”

“ಹಾಗಾದ್ರೆ ವಾಷರ್ ಎಲ್ಲಿ?”

“ವಾಷರ್ ಹಾಗಿರ್ಲಿ ಸಾರ್, ಆ ಚೀಟಿ ಎಲ್ಲಿದೆ ಅನ್ನೋದೇ ಗೊತ್ತಾಗ್ತಿಲ್ಲ.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ತಪ್ಪು ಮಾಡಿ ಬೈಸಿಕೊಂಡಿದ್ದರೆ ಬೇರೆ ಮಾತು. ಮಾಡದ ತಪ್ಪಿಗೆ ಬೈಸಿಕೊಳ್ಳುವುದೆಂದರೆ ಸ್ಟೋರಕ್ಕನಿಗೆ ಮೈಯೆಲ್ಲ ಉರಿ.

ಅಲ್ಲಿದ್ದ ಕ್ರಮ ಹೀಗೆ: ಒಂದು ಮೊಳೆ ಬೇಕಾದರೂ ಅವಳು ಚೀಟಿ ಬರೆಯಬೇಕು. ಅದಕ್ಕೆ ಫೋರ್‌ಮನ್, ಸುರಕ್ಷತಾ ಅಧಿಕಾರಿ, ಲೆಕ್ಕದ ವಿಭಾಗದವರು, ಮ್ಯಾನೇಜರು, ಕೊನೆಗೆ ಖರೀದಿ ವಿಭಾಗದ ಮುಖ್ಯಸ್ಥರು, ಹೀಗೆ ಐದು ಜನ ಸಹಿ ಹಾಕಬೇಕು. ಆಮೇಲೆ ಖರೀದಿ ಗುಮಾಸ್ತೆ ಅಂಗಡಿಗೆ ಆರ್ಡರು ಕಳಿಸುತ್ತಾಳೆ. ಅಂಗಡಿಯವನು ಎರಡೇ ದಿನದಲ್ಲಿ ಸಾಮಾನು ತಂದು ಹಾಕುತ್ತಾನೆ. ಹಾಗಾದರೆ ಉಳಿದ ದಿನವೆಲ್ಲ ಚೀಟಿ ಎಲ್ಲಿ ಮಲಗಿರುತ್ತದೆ?

ಅದನ್ನು ಕಂಡುಹಿಡಿದೇ ತೀರುವುದೆಂದು ಅವಳು ಹಟ ತೊಟ್ಟಳು. ಅಂದಿನಿಂದ ಪ್ರತಿ ಚೀಟಿಯ ಬೆನ್ನಿಗೂ ಪೆನ್ಸಿಲಿನಲ್ಲಿ ಐದು ಗೆರೆ ಎಳೆದು, ಬಂದ ದಿನ, ಹೋದ ದಿನ ಬರೆಯಿರಿ ಎಂದು ಎಲ್ಲರ ಹತ್ತಿರ ದುಂಬಾಲು ಬಿದ್ದಳು. ಊಟದ ಬಿಡುವಿನಲ್ಲಿ ತಾನೇ ಚೀಟಿಗಳ ಬೆನ್ನು ಹತ್ತಿ ಮೇಜಿನಿಂದ ಮೇಜಿಗೆ ಅಲೆದಳು.

ಮೊದಲು ಸಿಕ್ಕಿಬಿದ್ದವನು ಕಾಗದ ಸಾಗಿಸುವ ಅಜ್ಜ. ಚೀಟಿಗಳು ಅವನ ರಟ್ಟಿನ ಪೆಟ್ಟಿಗೆಯಲ್ಲೇ ಐದಾರು ದಿನ ಆರಾಮವಾಗಿ ಕೂತಿರುತ್ತಿದ್ದವು.

“ಯಾಕಜ್ಜಾ, ಇವನ್ನ ಮೇಲಕ್ಕೆ ತಗೊಂಡು ಹೋಗಿಲ್ಲ?”

“ಮೂವತ್ತೆಂಟು ಮೆಟ್ಟಿಲು ತಾಯಿ,” ಅಂದ ಅಜ್ಜ, ಮೊಣಕಾಲು ಸವರಿಕೊಳ್ಳುತ್ತಾ. “ಒಂದೊಂದು ಚೀಟಿಗೂ ಹತ್ತಿ ಇಳಿದ್ರೆ ಈ ಕಾಲು ಉಳಿಯುತ್ತಾ? ಹತ್ತಾಗಲಿ ಅಂತ ಕಾಯ್ತೀನಿ.”

ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಅಲ್ಲಿಂದ ಸುರಕ್ಷತಾ ಅಧಿಕಾರಿಯ ಕೋಣೆಗೆ ಹೋದಳು. ಅವರು ಒಳ್ಳೆಯ ಮನುಷ್ಯ, ತಲೆಯ ಮೇಲಿನ ಹಳದಿ ಟೋಪಿಯನ್ನು ಕೂತಲ್ಲೂ ತೆಗೆಯುತ್ತಿರಲಿಲ್ಲ.

“ಸಾರ್, ವಾಷರ್ ತರಿಸೋಕೆ ನಿಮ್ಮ ಸಹಿ ಯಾಕೆ ಬೇಕು?”

ಅವರು ಪೆನ್ನು ಕೆಳಗಿಟ್ಟರು. “ಒಂಬತ್ತು ವರ್ಷದಿಂದ ಸಹಿ ಹಾಕ್ತಾ ಇದ್ದೀನಿ ಅಕ್ಕಾ. ಯಾಕೆ ಅಂತ ನಿಮ್ಮನ್ನೇ ಒಂದಿನ ಕೇಳೋಣ ಅಂತಿದ್ದೆ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡು ತಿಂಗಳಲ್ಲಿ ಮೂವತ್ತು ಚೀಟಿಗಳ ಜಾತಕ ಅವಳ ಕೈಗೆ ಬಂತು. ಒಂದೊಂದಕ್ಕೂ ಸುಮಾರು ಇಪ್ಪತ್ತೆರಡು ದಿನ. ಅದರಲ್ಲಿ ಯಾರಾದರೂ ಚೀಟಿಯನ್ನು ನಿಜವಾಗಿ ಓದಿ ಸಹಿ ಹಾಕಿದ ಹೊತ್ತು ಎಲ್ಲ ಸೇರಿಸಿದರೂ ಕಾಲು ಗಂಟೆ ದಾಟುತ್ತಿರಲಿಲ್ಲ. ರೋಗವೇನೋ ಗೊತ್ತಾಯಿತು. ಮದ್ದೇನು?

ಮದ್ದು ಸಿಕ್ಕಿದ್ದು ಮನೆಯ ಅಡುಗೆಮನೆಯಲ್ಲಿ. ಒಂದು ಬೆಳಗ್ಗೆ ಅವಳ ಗಂಡ ಯಾರೂ ಹೇಳದೆ ಸಕ್ಕರೆ ತಂದಿಟ್ಟ. ಅದಕ್ಕೆ ಮೊದಲೂ ಎಷ್ಟೋ ಸಲ ಹಾಗೆ ತಂದಿದ್ದ, ಅವಳು ಗಮನಿಸಿರಲಿಲ್ಲ ಅಷ್ಟೆ.

“ಅತ್ತೆ, ಸಕ್ಕರೆ ಮುಗೀತು ಅಂತ ಇವರಿಗೆ ಹೇಗೆ ಗೊತ್ತಾಗುತ್ತೆ?”

“ಮುಗಿದಿಲ್ವಲ್ಲ,” ಅಂದರು ಅತ್ತೆ. “ನನ್ನ ಹತ್ರ ಎರಡು ಡಬ್ಬ ಇದೆ. ಒಂದು ಖಾಲಿಯಾದ್ರೆ ಅದನ್ನ ಬಾಗಿಲ ಹತ್ರ ಬೋರಲು ಹಾಕ್ತೀನಿ. ಅವನು ನೋಡ್ತಾನೆ, ತರ್ತಾನೆ. ಅಷ್ಟರೊಳಗೆ ಎರಡನೇ ಡಬ್ಬ ಇದ್ದೇ ಇರುತ್ತೆ. ಇದಕ್ಕೆ ಮಾತ್ಯಾಕೆ ಬೇಕು?”

ಸ್ಟೋರಕ್ಕ ಅತ್ತೆಯ ಕೆನ್ನೆ ಹಿಂಡಿ, ಚಪ್ಪಲಿ ಮೆಟ್ಟಿಕೊಂಡು ಓಡಿದಳು. “ಇವಳಿಗೇನಾಯ್ತೋ!” ಎಂದು ಅತ್ತೆ ಮಗನ ಮುಖ ನೋಡಿದರು.

ಆ ವಾರವೇ ಅವಳು ಮೂವತ್ತು ಚೀಟಿಗಳನ್ನೂ ಮ್ಯಾನೇಜರ ಮೇಜಿನ ಮೇಲೆ ಬೆನ್ನು ಮೇಲಾಗಿ ಹರಡಿದಳು. ಅವಳ ಸಲಹೆ ಇಷ್ಟು: ದಿನಾ ಬೇಕಾಗುವ ನಲವತ್ತು ಸಣ್ಣ ಸಾಮಾನಿಗೆ ಎರಡೆರಡು ಡಬ್ಬ. ಮೊದಲನೆಯದು ಖಾಲಿಯಾದ ಕೂಡಲೇ ಅದರ ತಳದಲ್ಲಿಟ್ಟ ಕೆಂಪು ಕಾರ್ಡು ನೇರ ಖರೀದಿ ಗುಮಾಸ್ತೆಯ ಕೈಗೆ. ಏನು, ಎಷ್ಟು, ಯಾವ ಅಂಗಡಿಯಿಂದ ಎಂದು ವರ್ಷಕ್ಕೊಮ್ಮೆ ಎಲ್ಲರೂ ಕೂತು ಒಪ್ಪಿ ಸಹಿ ಹಾಕಿದರೆ ಸಾಕು.

“ಸಹಿ ಇಲ್ದೆ ಸಾಮಾನು ಬಂದ್ರೆ ನಾಳೆ ಹೊಣೆ ಯಾರು?” ಅಂದರು ಮ್ಯಾನೇಜರು.

“ಈಗ ಐದು ಸಹಿ ಇದೆ ಸಾರ್. ಅವತ್ತು ವಾಷರ್ ಇಲ್ದಾಗ ಹೊಣೆ ಯಾರು ಹೊತ್ತರು? ನಾನೊಬ್ಬಳೇ.”

ಮ್ಯಾನೇಜರು ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದರು. ತಮ್ಮದೇ ಮೇಜಿನಲ್ಲಿ ಒಂದು ಚೀಟಿ ಒಂಬತ್ತು ದಿನ ಕೂತಿದ್ದನ್ನು ಕಂಡು ಕಿವಿ ಕೆಂಪಾಯಿತು. “ಮೂರು ತಿಂಗಳು ಮಾಡಿ ನೋಡಿ,” ಅಂದರು.

ಎರಡನೇ ವಾರದಲ್ಲೇ ಎಡವಟ್ಟಾಯಿತು. ಯಾವನೋ ಅವಸರದಲ್ಲಿ ಎರಡೂ ಡಬ್ಬಕ್ಕೆ ಕೈಹಾಕಿ ನಟ್ಟು ಬಾಚಿಕೊಂಡು ಹೋಗಿದ್ದ, ಕಾರ್ಡು ಡಬ್ಬದ ತಳದಲ್ಲೇ ಉಳಿದು, ನಟ್ಟು ಪೂರ್ತಿ ಮುಗಿದಿತ್ತು. ಫೋರ್‌ಮನ್ನಿಗೆ ಅಷ್ಟೇ ಸಾಕಾಯಿತು. “ನೋಡಿದ್ರಾ? ನಾನಾಗಲೇ ಹೇಳಿದ್ದೆ!” ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ಅವನು ಹೇಳಿರಲಿಲ್ಲ. ಆದರೂ ಸ್ಟೋರಕ್ಕ ವಾದಕ್ಕಿಳಿಯದೆ ಎರಡನೇ ಡಬ್ಬಗಳನ್ನೆಲ್ಲ ಮೇಲಿನ ಹಲಗೆಗೆ ಸಾಗಿಸಿದಳು. ಪ್ರತಿಯೊಂದರ ಬಾಯಿಗೂ ಅಡ್ಡಲಾಗಿ ಕಾರ್ಡು ಕಟ್ಟಿದಳು. ಕಾರ್ಡು ಬಿಚ್ಚದೆ ಒಳಗೆ ಬೆರಳೂ ಹೋಗದು. ಬಿಚ್ಚಿದವನು ಅದನ್ನು ಕಿಟಕಿಯ ಪಕ್ಕದ ಕೊಕ್ಕೆಗೆ ಸಿಕ್ಕಿಸಬೇಕು. ಅಲ್ಲಿಂದಾಚೆಗೆ ಒಂದು ಕಾರ್ಡೂ ತಪ್ಪಲಿಲ್ಲ.

ಈ ನಡುವೆ ಅಜ್ಜ ಮಂಕಾಗಿದ್ದ. ಚೀಟಿ ಇಲ್ಲವೆಂದರೆ ತನ್ನ ಕೆಲಸವೂ ಇಲ್ಲ ಎಂಬ ಭಯ ಅವನದು. ಅದನ್ನು ಸ್ಟೋರಕ್ಕ ಅವನು ಬಾಯಿಬಿಡುವ ಮೊದಲೇ ಅರ್ಥ ಮಾಡಿಕೊಂಡಳು. ಖರೀದಿ ಗುಮಾಸ್ತೆಯನ್ನು ಒಪ್ಪಿಸಿ ಆಕೆಯ ಮೇಜನ್ನೇ ಕೆಳಗಿನ ಮಹಡಿಗೆ, ಸ್ಟೋರಿನ ಪಕ್ಕಕ್ಕೆ ಇಳಿಸಿದಳು. ಕೊಕ್ಕೆಯ ಕಾರ್ಡು ತೆಗೆದು ಆ ಮೇಜಿಗೆ ಮುಟ್ಟಿಸುವುದು, ಬಂದ ಸಾಮಾನನ್ನು ಕಾರ್ಡಿನ ಜೊತೆ ತಾಳೆ ನೋಡುವುದು ಅಜ್ಜನ ಪಾಲಿಗೆ ಬಂತು. “ಈಗ ಒಂದು ಮೆಟ್ಟಿಲೂ ಇಲ್ಲ,” ಎಂದು ಅವನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಎಣಿಸುವಾಗ ಒಂದು ಸ್ಕ್ರೂ ಕಡಿಮೆ ಬಿದ್ದರೂ ಅಂಗಡಿಯವನ ಗಾಡಿಯನ್ನು ಗೇಟಿನಲ್ಲೇ ನಿಲ್ಲಿಸಿಬಿಡುತ್ತಿದ್ದ.

ಮೂರು ತಿಂಗಳ ಕೊನೆಗೆ ಇಪ್ಪತ್ತೆರಡು ದಿನ ಮೂರಕ್ಕಿಳಿದಿತ್ತು. ನಟ್ಟಿನ ಎಡವಟ್ಟಿನ ಆಮೇಲೆ ಸಾಮಾನಿಲ್ಲದೆ ಕೆಲಸ ನಿಂತದ್ದು ಒಂದು ಸಲವೂ ಇಲ್ಲ. ಮ್ಯಾನೇಜರು ಮತ್ತೆ ಮೆಟ್ಟಿಲಿಳಿದು ಬಂದರು, ಈ ಸಲ ನಿಧಾನವಾಗಿ. ನಲವತ್ತು ಸಾಮಾನನ್ನು ಇನ್ನೂರಕ್ಕೆ ಏರಿಸಿ ಎಂದರು. ಹೋಗುವಾಗ ಒಂದು ಕ್ಷಣ ನಿಂತು, “ಅವತ್ತು ನಿದ್ದೆ ಅಂದಿದ್ದು ತಪ್ಪಾಯ್ತಮ್ಮಾ,” ಅಂದರು. ಅದನ್ನೂ ಎಲ್ಲರೆದುರಿಗೇ ಅಂದರು. ಅವಳಿಗೆ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು ಜೋರಾಗಿ ನಕ್ಕಳು.

ಮುಂದಿನ ತಿಂಗಳು ಅದೇ ಮಾಲೀಕರ ಇನ್ನೊಂದು ಕಾರ್ಖಾನೆಯಿಂದ, ನಮ್ಮಲ್ಲೂ ಬಂದು ನೋಡಿ ಎಂಬ ಕರೆ ಬಂತು. ಅಂದು ಸಂಜೆ ಅವಳು ಮನೆಗೆ ಬಂದು ಗಂಡನಿಗೆ ಹೇಳಿದಳು:

“ಅಲ್ಲಿ ಎಂಟು ಸಹಿ ಅಂತೆ ರೀ!”

“ಅದಕ್ಕೆ ಇಷ್ಟು ಖುಷಿನಾ?” ಅಂದ ಗಂಡ.

ಅವಳು ಆಗಲೇ ಪೆನ್ಸಿಲು ಕೆತ್ತುತ್ತಾ ಕೂತಿದ್ದಳು.