ಎರಡು ಬ್ರೇಕಿನ ಸೈಕಲ್

ನಾನು ನೆರಿಯದ ಕಡೆ ಸೈಕಲಿನಲ್ಲಿ ಮೀನು ಮಾರುತ್ತಿದ್ದ ಕಾಲ. ಎರಡು ಸಾವಿರದ ಇಸವಿ ದಾಟಿತ್ತು. ಅಲ್ಲಿನ ರಬ್ಬರ್ ತೋಟದಲ್ಲಿ, ಗುಡ್ಡದ ದಾರಿಯಲ್ಲಿ ಸೈಕಲ್ ಓಡಿಸಲು ಕಲಿಸುವ ಶಿಬಿರ ನಡೆದಿತ್ತು. ಕಲ್ಲು ತುಂಬಿದ ಇಳಿಜಾರಿನ ಮೇಲೆ ಎಲ್ಲರೂ ಗುಂಪಾಗಿ ನಿಂತಿದ್ದರು. ಮೂಡುಬಿದಿರೆಯ ಟೀಚರೊಬ್ಬರು ಹಿಂದಿನ ದಿನ ಅಲ್ಲೇ ಬಿದ್ದು, ಮನೆಗೆ ಹೊರಡಲು ಬ್ಯಾಗ್ ಕಟ್ಟಿದ್ದರು.

ತರಬೇತಿ ಕೊಡುವವ ನನ್ನನ್ನು ತಡೆದ. "ಕಾಕಾ, ನೀವು ದಿನಾ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಇಳಿಯುವ ಜಾಗ ಅಲ್ವಾ ಇದು? ಟೀಚರಿಗೆ ಧೈರ್ಯ ಬರಲಿ, ನಮ್ಮ ಸೈಕಲಿನಲ್ಲಿ ಒಮ್ಮೆ ಇಳಿದು ತೋರಿಸಿ."

ತೋರಿಸಿದೆ. ಅರ್ಧ ದಾರಿಯಲ್ಲಿ ವೇಗ ಹೆಚ್ಚಿತು. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಮುಂದಿನ ಚಕ್ರ ನಿಂತಿತು, ನಾನು ನಿಲ್ಲಲಿಲ್ಲ.

ಮೊದಲು ಓಡಿ ಬಂದದ್ದು ಟೀಚರ್. "ಪೆಟ್ಟಾಯಿತಾ?"

"ಮೊಣಕಾಲು ತರಚಿತು, ಅಷ್ಟೇ."

"ನಾಳೆಯೂ ಇಲ್ಲೇ ಇಳೀತೀರಾ?"

"ಮತ್ತೆ? ಮೀನು ತಾನಾಗಿ ಇಳೀತದಾ?"

ಅವರು ನಕ್ಕರು. ಬಿದ್ದ ಸೈಕಲನ್ನು ಎತ್ತಿ, ತಳ್ಳಿಕೊಂಡು ಮೇಲೆ ಹೋದರು. ಸೀಟಿನಿಂದ ಎದ್ದು, ಮೈಯನ್ನು ಹಿಂದಕ್ಕೆ ಹಾಕಿ, ನಿಧಾನವಾಗಿ ಕೆಳಗಿನವರೆಗೆ ಇಳಿದೇಬಿಟ್ಟರು. ಮನೆಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು. ನೇರ ನನ್ನ ಹತ್ತಿರ ಬಂದರು.

"ಮುಂದಿನ ಬ್ರೇಕಿಗೆ ಒಂದೇ ಬೆರಳು ಸಾಕು ಕಾಕಾ. ನಿನ್ನೆ ನಾನೂ ಗಟ್ಟಿ ಹಿಡಿದೇ ಬಿದ್ದದ್ದು. ನಿಮ್ಮ ಸೈಕಲಿನಲ್ಲೂ ಹಾಗೇ ಮಾಡಿ, ಆಯ್ತಾ?"

ಆಗಲಿ ಎಂದೆ. ಟೀಚರು ಪಾಠ ಮಾಡುವಾಗ ಅಡ್ಡ ಮಾತಾಡಬಾರದು. ನನ್ನ ಸೈಕಲಿಗೆ ಇದ್ದ ಬ್ರೇಕು ಒಂದೇ: ಟಯರಿಗೆ ಒತ್ತಿ ಹಿಡಿಯುವ ಎಡಗಾಲಿನ ಚಪ್ಪಲಿ.